ಹೊವಾರ್ಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ: ಗೆದ್ದು ಕಳೆದುಕೊಂಡ 1971, ಮತ್ತೆ ಗೆದ್ದ 1974

ಗೋಲ್‌ಕಂಬದ_ಪಕ್ಕ:

ಅಮೆರಿಕದ ಕಾಲೇಜು ಕ್ರೀಡೆ ಅಂದರೆ ನಮ್ಮ ಕಡೆ ಬ್ಯಾಸ್ಕೆಟ್‌ಬಾಲ್ ಬಗ್ಗೆ ಮಾತಾಡೋರು ಸಿಗ್ತಾರೆ, ಹೆಲ್ಮೆಟ್ ಹಾಕಿಕೊಂಡು ಆಡುವ ಅವರ ಆಟದ ಬಗ್ಗೆಯೂ ಸಿಗ್ತಾರೆ. ನಾವು ಫುಟ್‌ಬಾಲ್ ಅನ್ನುವ, ಅವರು ಸಾಕರ್ ಅನ್ನುವ ಆಟ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಹೇಗೆ ಬೆಳೀತು ಅನ್ನೋದನ್ನ ಮಾತ್ರ ಯಾರೂ ಎತ್ತೋದಿಲ್ಲ. ಅದಕ್ಕೇ ಇವತ್ತು ವಾಷಿಂಗ್ಟನ್ ಡಿ.ಸಿ.ಯ ಹೊವಾರ್ಡ್ ವಿಶ್ವವಿದ್ಯಾಲಯದ ಪುರುಷರ ತಂಡದ ಬಗ್ಗೆ ಬರೀತಿದ್ದೇನೆ. ಹಾರ್ವರ್ಡ್ ಜೊತೆ ಬೆರೆಸಿಕೊಳ್ಳಬೇಡಿ. ಹೊವಾರ್ಡ್ 1867ರಲ್ಲಿ, ಅಂತರ್ಯುದ್ಧ ಮುಗಿದ ಎರಡೇ ವರ್ಷಕ್ಕೆ ಹುಟ್ಟಿದ್ದು. ಕರಿಯರಿಗೆ ಉನ್ನತ ಶಿಕ್ಷಣದ ಬಾಗಿಲು ತೆರೆದ ದೊಡ್ಡ ಸಂಸ್ಥೆಗಳಲ್ಲಿ ಒಂದು. ಕಮಲಾ ಹ್ಯಾರಿಸ್ ಓದಿದ ಕಾಲೇಜು ಅಂದರೆ ಬಹಳ ಜನಕ್ಕೆ ಗುರುತು ಸಿಗಬಹುದು.

ಈ ತಂಡ ದಿಢೀರ್ ಅಂತ ಹುಟ್ಟಿದ್ದಲ್ಲ. ಟೆಡ್ ಚೇಂಬರ್ಸ್ ಅನ್ನೋ ಕೋಚ್ ಕೈಯಲ್ಲಿ 1961ರಲ್ಲೇ ಎನ್‌ಎಐಎ ಅನ್ನುವ ಸಣ್ಣ ಕಾಲೇಜುಗಳ ಒಕ್ಕೂಟದ ಪಟ್ಟ ಗೆದ್ದಿತ್ತು. ದೊಡ್ಡ ಅಧ್ಯಾಯ ಶುರುವಾಗಿದ್ದು 1970ರಲ್ಲಿ, ಲಿಂಕನ್ ಫಿಲಿಪ್ಸ್ ಬಂದಾಗ. ಟ್ರಿನಿಡಾಡ್‌ನವರು, ದೇಶದ ತಂಡದ ಗೋಲಿ, ಅಂದರೆ ಗೋಲ್‌ಕೀಪರ್. ಅದೇ ವರ್ಷ ವಾಷಿಂಗ್ಟನ್ ಡಾರ್ಟ್ಸ್ ಅನ್ನೋ ವೃತ್ತಿಪರ ತಂಡಕ್ಕೆ ಗೋಲಿಯೂ ಅವರೇ, ಕೋಚೂ ಅವರೇ. ಅಂಥವರು ಒಂದು ಕಾಲೇಜು ತಂಡವನ್ನ ಕೈಗೆತ್ತಿಕೊಂಡರು. ಆ ತಂಡದಲ್ಲಿ ಟ್ರಿನಿಡಾಡ್, ಜಮೈಕಾ, ನೈಜೀರಿಯಾದಿಂದ ಓದೋಕೆ ಬಂದ ಹುಡುಗರು ಬಹಳ ಜನ ಇದ್ದರು.

ಮುಂದಿನ ವರ್ಷ, 1971ರ ಡಿಸೆಂಬರ್. ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ದೊಡ್ಡ ಒಕ್ಕೂಟ ಎನ್‌ಸಿಎಎ. ಅದರ ಟೂರ್ನಿಯ ಸೆಮಿಫೈನಲ್‌ನಲ್ಲಿ ಹೊವಾರ್ಡ್ 1-0ಯಿಂದ ಸೋಲಿಸಿದ್ದು ಬೇರೆ ಯಾರನ್ನೂ ಅಲ್ಲ, ಹಾರ್ವರ್ಡನ್ನೇ. ಫೈನಲ್ ಮಯಾಮಿಯ ಆರೆಂಜ್ ಬೌಲ್‌ನಲ್ಲಿ. ಎದುರಿಗೆ ಹಿಂದಿನ ಎರಡು ವರ್ಷವೂ ಪಟ್ಟ ಗೆದ್ದಿದ್ದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ. 3-2, ಹೊವಾರ್ಡ್ ಗೆದ್ದಿತು. ಕರಿಯರ ಕಾಲೇಜೊಂದು ಎನ್‌ಸಿಎಎಯ ಮೇಲ್ಮಟ್ಟದಲ್ಲಿ, ಯಾವುದೇ ಆಟದಲ್ಲಿ, ಗೆದ್ದ ಮೊದಲ ರಾಷ್ಟ್ರೀಯ ಪಟ್ಟ ಅದು.

ಆಮೇಲೆ ತನಿಖೆ. ಕೆಲವು ಆಟಗಾರರಿಗೆ ಅರ್ಹತೆ ಇರಲಿಲ್ಲ ಅಂತ ಹೇಳಿ 1973ರಲ್ಲಿ ಎನ್‌ಸಿಎಎ ಆ ಪಟ್ಟವನ್ನ ಕಿತ್ತುಕೊಂಡಿತು. ಆ ವರ್ಷದ ಟೂರ್ನಿಯಿಂದಲೂ ಹೊರಗಿಟ್ಟಿತು. ಇಲ್ಲಿಗೆ ಒಂದು ತಂಡ ಮುರಿದು ಬೀಳಬೇಕಿತ್ತು. ಮುಂದಿನ ವರ್ಷ ಇವರು ಆಡಿದ ಪಂದ್ಯ 19, ಗೆದ್ದಿದ್ದೂ 19. ಫೈನಲ್‌ನಲ್ಲಿ ಮತ್ತೆ ಸೇಂಟ್ ಲೂಯಿಸ್. ಅಷ್ಟರಲ್ಲಿ ಅವರು ಮತ್ತೆರಡು ವರ್ಷ, 1972 ಮತ್ತು 1973, ಪಟ್ಟ ಗೆದ್ದು ಕೂತಿದ್ದರು. ಪಂದ್ಯ ನಡೆದದ್ದೂ ಅವರದೇ ಊರಿನ ಬುಷ್ ಸ್ಟೇಡಿಯಂನಲ್ಲಿ. 90 ನಿಮಿಷಕ್ಕೆ 1-1. ಒಂದು ಹೆಚ್ಚುವರಿ ಅವಧಿ, ಎರಡನೆಯದು, ಮೂರನೆಯದು. ನಾಲ್ಕನೆಯದರಲ್ಲಿ ನೈಜೀರಿಯಾದ ಹುಡುಗ ಕೆನ್ ಇಲೊಡಿಗ್ವೆ ಗೋಲು ಹೊಡೆದ. 2-1.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೇನೆ: 1971ರ ಪಟ್ಟವೂ ಅವರದೇ, ಅದನ್ನ ವಾಪಸ್ ಕೊಡಬೇಕು. ನೀವೇನಂತೀರಿ?

ಹಳೇ_ರೇಡಿಯೊ:

ಬಹಳ ಸಂತೋಷ ಆಯಿತು ಓದಿ. 1971 ಅಂದ ಕೂಡಲೇ ನನ್ನ ವಯಸ್ಸಿನವರಿಗೆ ಪೋರ್ಟ್ ಆಫ್ ಸ್ಪೇನ್ ನೆನಪಾಗುತ್ತೆ. ಆ ವರ್ಷ ಮಾರ್ಚ್‌ನಲ್ಲಿ ಅದೇ ಟ್ರಿನಿಡಾಡ್‌ನಲ್ಲಿ ನಮ್ಮವರು ವೆಸ್ಟ್ ಇಂಡೀಸನ್ನ ಟೆಸ್ಟ್‌ನಲ್ಲಿ ಮೊದಲ ಬಾರಿಗೆ ಸೋಲಿಸಿದ್ದು, ಗವಾಸ್ಕರ್ ಕಾಲಿಟ್ಟ ಪಂದ್ಯ, ನಮ್ಮ ಎರಪಳ್ಳಿ ಪ್ರಸನ್ನ ಆಡಿದ ಪಂದ್ಯ. ಕೆರಿಬಿಯನ್ ದ್ವೀಪ ಅಂದರೆ ನಮಗೆ ಬರೀ ಕ್ರಿಕೆಟ್. ಅದೇ ವರ್ಷ ಆ ದ್ವೀಪದ ಹುಡುಗರು ಮಯಾಮಿಯಲ್ಲಿ ಫುಟ್‌ಬಾಲ್ ಪಟ್ಟ ಗೆದ್ದಿದ್ದರು ಅನ್ನೋದು ಇವತ್ತು ಗೊತ್ತಾಯಿತು. ಒಂದು ಪ್ರಶ್ನೆ. ಅಷ್ಟು ಜನ ಟ್ರಿನಿಡಾಡ್, ಜಮೈಕಾ, ನೈಜೀರಿಯಾದವರು ಹೊವಾರ್ಡ್‌ಗೇ ಯಾಕೆ ಬಂದರು? ಆಟಕ್ಕೋಸ್ಕರ ಕರೆಸಿಕೊಂಡದ್ದಾ?

ಪೊಟೊಮ್ಯಾಕ್_ಕನ್ನಡತಿ:

ಹಳೇ ರೇಡಿಯೊ ಸರ್, ಇದಕ್ಕೆ ನಾನು ಹೇಳ್ತೀನಿ, ವಾಷಿಂಗ್ಟನ್‌ನಲ್ಲೇ ಇರೋದರಿಂದ. ಆಟಕ್ಕಿಂತ ಬಹಳ ಮುಂಚೆಯೇ ಆ ದಾರಿ ಬಿದ್ದಿತ್ತು. ಟ್ರಿನಿಡಾಡ್‌ನ ಮೊದಲ ಪ್ರಧಾನಿ ಎರಿಕ್ ವಿಲಿಯಮ್ಸ್ ಹೊವಾರ್ಡ್‌ನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವರು. ನೈಜೀರಿಯಾದ ಮೊದಲ ಅಧ್ಯಕ್ಷ ನಾಮ್ಡಿ ಅಜಿಕಿವೆ 1920ರ ದಶಕದ ಕೊನೆಯಲ್ಲಿ ಇಲ್ಲಿ ಓದಿದವರು. ಬ್ಲ್ಯಾಕ್ ಪವರ್ ಚಳವಳಿಯ ಸ್ಟೋಕ್ಲಿ ಕಾರ್ಮೈಕಲ್ ಹುಟ್ಟಿದ್ದು ಪೋರ್ಟ್ ಆಫ್ ಸ್ಪೇನ್‌ನಲ್ಲಿ, ಪದವಿ ಪಡೆದದ್ದು ಹೊವಾರ್ಡ್‌ನಲ್ಲಿ. ಅಂದರೆ ಡಾಕ್ಟರೋ ಎಂಜಿನಿಯರೋ ಆಗಬೇಕು ಅಂತ ಮಗನನ್ನ ಅಮೆರಿಕಕ್ಕೆ ಕಳಿಸುವ ಕೆರಿಬಿಯನ್ ಮನೆಗಳಿಗೆ, ಆಫ್ರಿಕಾದ ಮನೆಗಳಿಗೆ ಇದು ಪರಿಚಯದ ವಿಳಾಸ. ಬೇರೆ ಎಷ್ಟೋ ಕಾಲೇಜುಗಳ ಬಾಗಿಲು ಕರಿಯರಿಗೆ ಮುಚ್ಚಿದ್ದ ಕಾಲದಿಂದಲೂ ಹಾಗೆ. ಪುಸ್ತಕದ ಜೊತೆ ಅವರು ಕಾಲಲ್ಲಿ ಆಟವನ್ನೂ ತಂದರು.

ಇನ್ನೊಂದು ವಿಷಯ, ನಮಗೆ ಹತ್ತಿರದ್ದು. ಹೊವಾರ್ಡ್‌ನ ಅಧ್ಯಕ್ಷರಾಗಿದ್ದ ಮೊರ್ಡಕೈ ಜಾನ್ಸನ್ ಭಾರತಕ್ಕೆ ಹೋಗಿ ಬಂದು ಗಾಂಧಿ ಬಗ್ಗೆ ಮಾಡಿದ ಭಾಷಣವನ್ನ ಕೇಳಿಯೇ ಮಾರ್ಟಿನ್ ಲೂಥರ್ ಕಿಂಗ್ ಗಾಂಧಿಯನ್ನ ಓದೋಕೆ ಶುರು ಮಾಡಿದ್ದು. ಇದೇ ವಿಶ್ವವಿದ್ಯಾಲಯದ ಚಾಪೆಲ್‌ನ ಡೀನ್ ಹೊವಾರ್ಡ್ ಥರ್ಮನ್ 1936ರಲ್ಲಿ ಬಾರ್ಡೋಲಿಯಲ್ಲಿ ಗಾಂಧಿಯನ್ನ ಕಂಡು ಮಾತಾಡಿದ್ದರು. 1968ರಲ್ಲಿ ಇಲ್ಲಿನ ವಿದ್ಯಾರ್ಥಿಗಳು ಆಡಳಿತ ಕಟ್ಟಡವನ್ನೇ ವಶಕ್ಕೆ ತಗೊಂಡು ಕೂತಿದ್ದರು. ಫಿಲಿಪ್ಸ್ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಆ ಹುಡುಗರು ಅಂಗಿ ತೊಟ್ಟು ಮೈದಾನಕ್ಕಿಳಿದಾಗ ಅವರ ಬೆನ್ನ ಹಿಂದೆ ಇದ್ದ ಹವೆ ಅದು.

ಧಾರವಾಡ_ಮಂದಿ:

ಅಲ್ರೀ, ಒಂದ ಮಾತ ಕೇಳ್ತೀನಿ. ಪಟ್ಟ ಕಸಗೊಂಡ್ರು ಅಂತೀರಿ. ಏನ ತಪ್ಪ ಮಾಡಿದ್ರು ಆ ಹುಡುಗರು? ಸುಳ್ಳ ಹೆಸರಿನ್ಯಾಗ ಆಡಿದ್ರೇನು, ರೊಕ್ಕ ತಗೊಂಡ್ರೇನು? ಅದನ್ನ ಸ್ವಲ್ಪ ಬಿಡಿಸಿ ಹೇಳ್ರಿ. "ಅರ್ಹತೆ ಇರಲಿಲ್ಲ" ಅಂದ್ರ ನನಗ ತಿಳೀಲಿಲ್ಲ.

ಕಾನೂನು_ಕಟ್ಟೆ:

ಧಾರವಾಡದವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ನಾನು ವಕೀಲ. ಈ ಪ್ರಕರಣ ನ್ಯಾಯಾಲಯಕ್ಕೆ ಹೋದದ್ದರಿಂದ ತೀರ್ಪು ಇದೆ, ಅದನ್ನೇ ಹಿಡಿದು ಹೇಳ್ತೇನೆ.

ಸುಳ್ಳು ಹೆಸರಿನ ಮಾತಲ್ಲ. ಎನ್‌ಸಿಎಎ ಮುಖ್ಯವಾಗಿ ಹಿಡಿದದ್ದು ಮೂರು ನಿಯಮ. ಮೊದಲನೆಯದು ಐದು ವರ್ಷದ ನಿಯಮ: ಮೊದಲ ಬಾರಿ ಯಾವುದೇ ಕಾಲೇಜು ಸೇರಿದ ದಿನದಿಂದ ಐದು ವರ್ಷದೊಳಗೆ ಆಡಿ ಮುಗಿಸಬೇಕು. ಇನ್ನೊಂದು 1.600 ನಿಯಮ: ಪ್ರೌಢಶಾಲೆಯ ಸ್ಥಾನ ಮತ್ತು ಪ್ರವೇಶ ಪರೀಕ್ಷೆಯ ಅಂಕ ಸೇರಿಸಿ ಲೆಕ್ಕ ಹಾಕಿದಾಗ, ಆ ವಿದ್ಯಾರ್ಥಿ ಕಾಲೇಜಿನಲ್ಲಿ 4ಕ್ಕೆ ಕನಿಷ್ಠ 1.600 ಗ್ರೇಡ್ ಸರಾಸರಿ ಗಳಿಸಬಲ್ಲ ಅಂತ ಮುಂಚಿತವಾಗಿ ತೋರಿಸಬೇಕು. ಬ್ರಿಟಿಷ್ ಪದ್ಧತಿಯ ಪರೀಕ್ಷೆ ಬರೆದು ಬಂದ ಹುಡುಗರಿಗೆ ಅಮೆರಿಕದ ಪ್ರವೇಶ ಪರೀಕ್ಷೆಯ ಅಂಕವೇ ಇಲ್ಲದಿದ್ದರೆ ಈ ಲೆಕ್ಕ ಹಾಕೋಕೇ ಬರೋದಿಲ್ಲ. ಮೂರನೆಯದೇ ವಿದೇಶಿ ವಿದ್ಯಾರ್ಥಿ ನಿಯಮ. ವಿದೇಶದ ಹುಡುಗ 19 ತುಂಬಿದ ಮೇಲೆ ತನ್ನ ದೇಶದಲ್ಲಿ ಸಂಘಟಿತ ಪಂದ್ಯ ಆಡಿದ್ದರೆ, ಆಡಿದ ಪ್ರತಿ 12 ತಿಂಗಳಿಗೆ ಕಾಲೇಜಿನ ಅರ್ಹತೆಯಲ್ಲಿ ಒಂದೊಂದು ವರ್ಷ ಕಡಿತ.

ಹೊವಾರ್ಡ್ ಕೇಸ್ ಹಾಕಿತು. 1973ರಲ್ಲಿ ವಾಷಿಂಗ್ಟನ್‌ನ ಜಿಲ್ಲಾ ನ್ಯಾಯಾಲಯದ ನ್ಯಾಯಮೂರ್ತಿ ಗೆರ್ಹಾರ್ಡ್ ಗೆಸೆಲ್ ವಿದೇಶಿ ವಿದ್ಯಾರ್ಥಿ ನಿಯಮ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿದರು. ಪೆಂಟಗಾನ್ ಪೇಪರ್ಸ್ ಅನ್ನುವ ವಿಯೆಟ್ನಾಂ ಯುದ್ಧದ ರಹಸ್ಯ ಕಡತಗಳ ವಿಷಯದಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಬಾಯಿ ಮುಚ್ಚಿಸಲು ಒಪ್ಪದ ನ್ಯಾಯಮೂರ್ತಿ ಇವರೇ. ಆದರೆ ಉಳಿದ ಎರಡು ನಿಯಮಗಳನ್ನ ಅವರು ಎತ್ತಿ ಹಿಡಿದರು. 1975ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಒಪ್ಪಿತು. ಆದ್ದರಿಂದ ಗೋಲ್‌ಕಂಬದವರೇ, "ಪಟ್ಟ ವಾಪಸ್ ಕೊಡಬೇಕು" ಅನ್ನೋದಕ್ಕೆ ಕಾನೂನಿನ ಆಧಾರ ಸಾಲದು. ಮೂರು ಕಾಲಿನಲ್ಲಿ ಒಂದು ಮುರಿಯಿತು, ಎರಡು ನಿಂತವು. ಶಿಕ್ಷೆ ಉಳಿಯಿತು.

ಗೋಲ್‌ಕಂಬದ_ಪಕ್ಕ:

ಕಾನೂನು ಕಟ್ಟೆಯವರೇ, ತೀರ್ಪನ್ನ ಇಷ್ಟು ಸ್ವಚ್ಛವಾಗಿ ಬಿಡಿಸಿಟ್ಟಿದ್ದಕ್ಕೆ ವಂದನೆ. ಆದರೂ ನನ್ನ ಮಾತಿಗೆ ನಾನು ಬದ್ಧ, ಕಾರಣ ಹೇಳ್ತೇನೆ.

ಆ ವಿದೇಶಿ ನಿಯಮ ಮೈದಾನದಲ್ಲಿ ಹೇಗೆ ಕೆಲಸ ಮಾಡ್ತಿತ್ತು ನೋಡಿ. ಇಬ್ಬರು ಹುಡುಗರು, ಇಬ್ಬರಿಗೂ 21. ಒಬ್ಬ ಟ್ರಿನಿಡಾಡ್‌ನವನು, ಶಾಲೆ ಮುಗಿಸಿ ಎಲ್ಲೋ ಗುಮಾಸ್ತನಾಗಿ ದುಡಿದು, ಸಂಜೆ ಊರ ಕ್ಲಬ್ಬಿಗೆ ಆಡಿ, ಹಣ ಕೂಡಿಸಿಕೊಂಡು ಕಾಲೇಜಿಗೆ ಬಂದ. ಇನ್ನೊಬ್ಬ ಅಮೆರಿಕದವನು, ಅವನೂ ಅಷ್ಟೇ ವರ್ಷ ದುಡಿದು, ತನ್ನ ಊರ ಲೀಗಿನಲ್ಲಿ ಅಷ್ಟೇ ಆಡಿ ಬಂದ. ಮೊದಲನೆಯವನಿಗೆ ಎರಡು ವರ್ಷ ಕಡಿತ, ಎರಡನೆಯವನಿಗೆ ಆ ನಿಯಮದ ಕಡಿತ ಇಲ್ಲ. ನ್ಯಾಯಾಲಯ ತಪ್ಪು ಅಂದದ್ದು ಇದನ್ನೇ. 1.600 ನಿಯಮಕ್ಕೆ ಬಂದರೆ, ಅದನ್ನ ಎನ್‌ಸಿಎಎಯೇ 1973ರಲ್ಲಿ ಕೈಬಿಟ್ಟಿತು. ಪಟ್ಟ ಕಿತ್ತುಕೊಂಡ ವರ್ಷವೇ! ತರಗತಿಯಲ್ಲಿ ಚೆನ್ನಾಗಿ ಓದ್ತಿರೋ ಹುಡುಗನಿಗೆ "ನೀನು ಓದಬಲ್ಲೆ ಅಂತ ಮೊದಲೇ ಲೆಕ್ಕ ಹಾಕಿ ತೋರಿಸಿರಲಿಲ್ಲ" ಅಂತ ಹೇಳೋದು ಯಾವ ನ್ಯಾಯ?

ಉಳಿಯೋದು ಐದು ವರ್ಷದ ನಿಯಮ. ಅದನ್ನ ನಾನು ಒಪ್ಪುತ್ತೇನೆ, ಅದು ಎಲ್ಲರಿಗೂ ಒಂದೇ. ಆದರೆ ಅದೊಂದೇ ಇದ್ದಿದ್ದರೆ ಇಡೀ ತಂಡದ ಪಟ್ಟ ಹೋಗ್ತಿತ್ತಾ? ಈ ಪ್ರಶ್ನೆ ನನ್ನನ್ನ ಬಿಡೋದಿಲ್ಲ.

ಕಾನೂನು_ಕಟ್ಟೆ:

ನಿಮ್ಮ ಸಿಟ್ಟು ಅರ್ಥವಾಗುತ್ತೆ. ಆದರೆ ನಿಯಮ ಜಾರಿಯಲ್ಲಿದ್ದಾಗ ಮೀರಿದರೆ, ಆಮೇಲೆ ರದ್ದಾಯಿತು ಅನ್ನೋದು ರಕ್ಷಣೆ ಆಗೋದಿಲ್ಲ. ಇನ್ನೊಂದು ಉದಾಹರಣೆಯೂ ಪಕ್ಕದಲ್ಲಿ ಇರಲಿ. ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯ 1978ರಲ್ಲಿ ಗೆದ್ದ ಪಟ್ಟವನ್ನೂ ಅನರ್ಹ ಆಟಗಾರನ ಕಾರಣಕ್ಕೆ ಎನ್‌ಸಿಎಎ ರದ್ದು ಮಾಡಿತು. ಆದ್ದರಿಂದ ಶಿಕ್ಷೆ ಆದದ್ದು ಹೊವಾರ್ಡ್ ಒಂದಕ್ಕೇ ಅಂತ ಹೇಳೋಕೆ ಬರೋದಿಲ್ಲ.

ನನ್ನ ದೃಷ್ಟಿಯಲ್ಲಿ ಹೊವಾರ್ಡ್‌ನ ದೊಡ್ಡ ಗೆಲುವು ನ್ಯಾಯಾಲಯದ್ದು. ಆ ತೀರ್ಪು ಬಂದ ಮೇಲೆ ಯಾವುದೇ ಕಾಲೇಜಿಗೆ ಹೊರದೇಶದಿಂದ ಬಂದ ಹುಡುಗನನ್ನ, ಹೊರದೇಶದವನು ಅನ್ನೋ ಕಾರಣಕ್ಕೆ ಬೇರೆ ಅಳತೆಯಲ್ಲಿ ಅಳೆಯೋದು ಕಷ್ಟವಾಯಿತು. ಇವತ್ತು ಅಮೆರಿಕದ ಎಷ್ಟೋ ಕಾಲೇಜು ತಂಡಗಳಲ್ಲಿ ಹೊರದೇಶದ ಹೆಸರು ಇರುತ್ತೆ. ಅದರ ಹಿಂದೆ ಈ ಕೇಸ್ ಇದೆ.

ಆಸ್ಟಿನ್‌ಟೌನ್_ಲೆಫ್ಟ್‌ವಿಂಗ್:

ಇಬ್ಬರ ಮಾತೂ ಓದಿದೆ. ಮೈದಾನದ ಕಡೆಯಿಂದ ನಾನೊಂದು ಹೇಳ್ತೀನಿ. ನಾನು ಆಡ್ತಿದ್ದ ಕಾಲದಲ್ಲಿ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಹೊರಡೋ ಹಿಂದಿನ ಸಂಜೆ ನಮ್ಮ ಸೆಂಟರ್ ಹಾಫ್ ಹೆಸರನ್ನ ಕೈಬಿಟ್ಟರು. ಕಾಗದದಲ್ಲಿ ಕಾಲೇಜು ಸೇರಿದ ವರ್ಷ ಬೇರೆ ಬಿದ್ದಿತ್ತು. ಬೂಟು, ಸ್ಟಾಕಿಂಗ್ಸ್ ಎಲ್ಲ ಚೀಲಕ್ಕೆ ತುಂಬಿಕೊಂಡು ಬಂದಿದ್ದ ಹುಡುಗ. ಕಿಟ್ ವಾಪಸ್ ಕೊಟ್ಟು, ಶಿನ್‌ಪ್ಯಾಡ್ ಮಾತ್ರ ಸ್ವಂತದ್ದು ಅಂತ ಎತ್ತಿಕೊಂಡು ಹೋದ. ರೈಲಿನಲ್ಲಿ ನಾವ್ಯಾರೂ ಮಾತಾಡಲಿಲ್ಲ. ಇಲ್ಲಿ ಒಬ್ಬ ಹುಡುಗನ ಒಂದು ಟೂರ್ನಿ ಹೋಯಿತು. ಅಲ್ಲಿ ಇಡೀ ತಂಡ ಬೆವರು ಸುರಿಸಿ ಗೆದ್ದದ್ದು ಒಂದು ವರ್ಷ ಕಳೆದ ಮೇಲೆ ಹೋಯಿತು. ಅದಾದ ಮೇಲೂ ಆ ಕೋಚ್ ಆ ಹುಡುಗರನ್ನ ಹಿಡಿದು ನಿಲ್ಲಿಸಿ ಒಂದೂ ಪಂದ್ಯ ಸೋಲದ ಹಾಗೆ ಆಡಿಸಿದರಲ್ಲ, ಅದು ಹೇಗೆ ಸಾಧ್ಯ ಆಯಿತು ಅಂತ ಕೇಳಬೇಕು ಅನಿಸುತ್ತೆ. ಒಂದು ಸೀಸನ್ ಪೂರ್ತಿ ಸೋಲದೆ, ಡ್ರಾ ಕೂಡ ಮಾಡಿಕೊಳ್ಳದೆ ಮುಗಿಸೋದು ಎಂಥ ಕೆಲಸ ಅಂತ ಲೀಗ್ ಆಡಿದವರಿಗೆ ಗೊತ್ತು. ಮಳೆ ಬಿದ್ದ ಮೈದಾನ ಇರುತ್ತೆ, ಮಂಡಿ ನೋವಿನ ಸ್ಟ್ರೈಕರ್ ಇರ್ತಾನೆ, ಕೆಟ್ಟ ರೆಫರಿ ಸಿಗ್ತಾರೆ.

ಗೋಲ್‌ಕಂಬದವರೇ, ಎದುರಾಳಿ ಸೇಂಟ್ ಲೂಯಿಸ್ ಬಗ್ಗೆ ಕೂಡ ಸ್ವಲ್ಪ ಬರೀರಿ. ಯಾರನ್ನ ಸೋಲಿಸಿದರು ಅನ್ನೋದು ತಿಳಿಯದೆ ಗೆಲುವಿನ ತೂಕ ಗೊತ್ತಾಗಲ್ಲ.

ಗೋಲ್‌ಕಂಬದ_ಪಕ್ಕ:

ಸರಿಯಾಗಿ ಕೇಳಿದ್ರಿ. ಎನ್‌ಸಿಎಎ ಪುರುಷರ ಫುಟ್‌ಬಾಲ್ ಟೂರ್ನಿ ಶುರುವಾದದ್ದು 1959ರಲ್ಲಿ. ಆ ವರ್ಷದಿಂದ 1973ರ ತನಕ, ಹದಿನೈದು ಟೂರ್ನಿಗಳಲ್ಲಿ, ಸೇಂಟ್ ಲೂಯಿಸ್ ಗೆದ್ದದ್ದು ಹತ್ತು. ಅದರಲ್ಲಿ 1967ರದ್ದು ಮಾತ್ರ ಮಿಷಿಗನ್ ಸ್ಟೇಟ್ ಜೊತೆ ಹಂಚಿಕೊಂಡದ್ದು. ಬಾಬ್ ಗೆಲ್ಕರ್ ಐದು ಗೆದ್ದರು, ಅವರ ನಂತರ ಬಂದ ಹ್ಯಾರಿ ಕಿಯೋ ಐದು. ಆ ಊರಿನ ಚರ್ಚ್‌ಗಳ ಪ್ಯಾರಿಷ್ ಲೀಗುಗಳಲ್ಲಿ ಚಿಕ್ಕಂದಿನಿಂದ ಜೊತೆಗೇ ಆಡಿ ಬೆಳೆದ ಹುಡುಗರು ಹಾಗೇ ವಿಶ್ವವಿದ್ಯಾಲಯದ ತಂಡಕ್ಕೆ ಬರ್ತಿದ್ದರು. ಒಬ್ಬರ ಪಾಸ್ ಎಲ್ಲಿ ಬೀಳುತ್ತೆ ಅಂತ ಇನ್ನೊಬ್ಬರಿಗೆ ನೋಡದೆಯೇ ಗೊತ್ತು.

ಹ್ಯಾರಿ ಕಿಯೋ ಬಗ್ಗೆ ಹೇಳಲೇಬೇಕು. ವೃತ್ತಿಯಲ್ಲಿ ಅಂಚೆಯವರು. 1950ರ ವಿಶ್ವಕಪ್‌ನಲ್ಲಿ ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯಲ್ಲಿ ಅಮೆರಿಕ ಇಂಗ್ಲೆಂಡನ್ನ 1-0ಯಿಂದ ಸೋಲಿಸಿತಲ್ಲ, ಆ ತಂಡದ ಡಿಫೆಂಡರ್. ಆ ದಿನ ಗೋಲು ಹೊಡೆದವನು ಯಾರು? ಜೋ ಗೇಟ್ಜೆನ್ಸ್. ಹೈಟಿಯಿಂದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದೋಕೆ ಬಂದ ಹುಡುಗ, ಆಗ ಅಮೆರಿಕದ ಪ್ರಜೆಯೂ ಆಗಿರಲಿಲ್ಲ. ಮುಂದೆ 1964ರಲ್ಲಿ ಹೈಟಿಯಲ್ಲಿ ಸರ್ವಾಧಿಕಾರಿ ಡುವಾಲಿಯೆಯ ಪಡೆ ಅವನನ್ನ ಎಳೆದುಕೊಂಡು ಹೋಯಿತು, ಮತ್ತೆ ಕಾಣಲಿಲ್ಲ. ಅಮೆರಿಕದ ಫುಟ್‌ಬಾಲ್‌ನ ಅತಿ ದೊಡ್ಡ ಗೆಲುವು ಒಬ್ಬ ಕೆರಿಬಿಯನ್ ವಿದ್ಯಾರ್ಥಿಯ ತಲೆಯಿಂದ ಬಂತು. ಇಪ್ಪತ್ತೊಂದು ವರ್ಷದ ಮೇಲೆ ಕೆರಿಬಿಯನ್ ವಿದ್ಯಾರ್ಥಿಗಳು ತಮ್ಮ ಊರಲ್ಲಿ ಎಷ್ಟು ಆಡಿದ್ದರು ಅಂತ ಅದೇ ದೇಶದಲ್ಲಿ ಲೆಕ್ಕ ಕೇಳಿದರು. ಆ ಎರಡು ತಂಡಗಳ ಫೈನಲ್ ನೆನೆದಾಗ ನನಗೆ ಮೊದಲು ಹೊಳೆಯೋದು ಇದೇ.

ಹಳೇ_ರೇಡಿಯೊ:

ಅದೇ 1950ರ ವಿಶ್ವಕಪ್‌ಗೆ ನಮ್ಮ ಭಾರತ ತಂಡಕ್ಕೂ ಆಹ್ವಾನ ಇತ್ತು, ನಾವು ಹೋಗಲಿಲ್ಲ. ಎರಡು ವರ್ಷ ಮುಂಚೆ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸಾರಂಗಪಾಣಿ ರಾಮನ್ ಗೋಲು ಹೊಡೆದಿದ್ದರು. ಹೋಗಿದ್ದರೆ ಕಿಯೋ, ಗೇಟ್ಜೆನ್ಸ್ ಇದ್ದ ಟೂರ್ನಿಯಲ್ಲೇ ನಮ್ಮವರೂ ಆಡ್ತಿದ್ದರು ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಇರಲಿ, ವಿಷಯ ಬೇರೆ ಕಡೆ ಹೋಗೋದು ಬೇಡ.

ಧಾರವಾಡ_ಮಂದಿ:

ಈಗ ತಿಳೀತ್ರಿ. ಕೇಳಿ ಭಾಳ ಕೆಟ್ಟ ಅನಸ್ತು ಗೇಟ್ಜೆನ್ಸ್ ಸುದ್ದಿ. 1974 ಆದಮ್ಯಾಲ ಹೊವಾರ್ಡ್ ಏನಾತು? ಮುಂದ ಹೆಸರ ಕೇಳಂಗಿಲ್ಲಲ್ಲ.

ಪೊಟೊಮ್ಯಾಕ್_ಕನ್ನಡತಿ:

ಹೆಸರು ಇದೆ, ನಮಗೆ ಬೇರೆ ದಾರಿಯಿಂದ ಗೊತ್ತಿದೆ ಅಷ್ಟೇ. ಫಿಲಿಪ್ಸ್ 1980ರ ಸುಮಾರಿಗೆ ಬಿಟ್ಟ ಮೇಲೆ ಕೀತ್ ಟಕರ್ ಬಂದರು. 1988ರಲ್ಲಿ ಹೊವಾರ್ಡ್ ಮತ್ತೆ ಫೈನಲ್‌ಗೆ ಹೋಯಿತು. ಎದುರಿಗೆ ಇಂಡಿಯಾನಾ, ಆಟ ನಡೆದದ್ದೂ ಇಂಡಿಯಾನಾದವರದೇ ಬ್ಲೂಮಿಂಗ್ಟನ್‌ನಲ್ಲಿ. 1-0, ಸೋತರು. 1974ರ ಹಾಗೆ ಈ ಸಲವೂ ಎದುರಾಳಿಯ ಊರಲ್ಲೇ ಫೈನಲ್!

ಆ ತಂಡದ ಗೋಲಿ ಶಾಕಾ ಹಿಸ್ಲಪ್. ಈಗ ಇಎಸ್‌ಪಿಎನ್‌ನಲ್ಲಿ ಮಾತಾಡೋರು ಅವರೇ. ಲಂಡನ್‌ನಲ್ಲಿ ಹುಟ್ಟಿ ಟ್ರಿನಿಡಾಡ್‌ನಲ್ಲಿ ಬೆಳೆದು ಹೊವಾರ್ಡ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮಾಡಿದರು, ನಾಸಾದಲ್ಲಿ ಇಂಟರ್ನ್ ಆಗಿದ್ದರು. ಆಮೇಲೆ ಇಂಗ್ಲೆಂಡಿನ ಕ್ಲಬ್ಬುಗಳಾದ ರೀಡಿಂಗ್, ನ್ಯೂಕಾಸಲ್, ವೆಸ್ಟ್ ಹ್ಯಾಮ್. ನ್ಯೂಕಾಸಲ್‌ನಲ್ಲಿದ್ದಾಗ ಶುರುವಾದ ಜನಾಂಗ ದ್ವೇಷ ವಿರೋಧಿ ಸಂಘಟನೆಗೆ ಮೊದಲಿನಿಂದ ಹೆಗಲು ಕೊಟ್ಟವರಲ್ಲಿ ಒಬ್ಬರು.

ಗೋಲ್‌ಕಂಬದ_ಪಕ್ಕ:

ಹಿಸ್ಲಪ್ ಹೆಸರು ಬಂದ ಮೇಲೆ ಸುಮ್ಮನಿರೋಕೆ ಆಗಲ್ಲ! 2006ರ ವಿಶ್ವಕಪ್, ಜೂನ್ 10, ಡಾರ್ಟ್‌ಮಂಡ್. ಟ್ರಿನಿಡಾಡ್ ಆಡಿದ ಮೊಟ್ಟಮೊದಲ ವಿಶ್ವಕಪ್ ಪಂದ್ಯ, ಎದುರಿಗೆ ಇಬ್ರಾಹಿಮೊವಿಚ್, ಲಾರ್ಸನ್ ಇದ್ದ ಸ್ವೀಡನ್. ಮೊದಲು ಆಡಬೇಕಿದ್ದ ಗೋಲಿ ಕೆಲ್ವಿನ್ ಜ್ಯಾಕ್. ವಾರ್ಮ್‌ಅಪ್‌ನಲ್ಲಿ ಅವರಿಗೆ ಪೆಟ್ಟಾಯಿತು, 37 ವರ್ಷದ ಹಿಸ್ಲಪ್ ಗ್ಲೌಸ್ ಹಾಕಿಕೊಂಡು ಬಂದರು. ದ್ವಿತೀಯಾರ್ಧ ಶುರುವಾಗ್ತಿದ್ದ ಹಾಗೇ ಏವರಿ ಜಾನ್‌ಗೆ ಕೆಂಪು ಕಾರ್ಡ್. ಹತ್ತೇ ಜನ. ಚೆಂಡು ಮೇಲಿಂದ ಮೇಲೆ ಬರ್ತಾನೇ ಇದೆ, ಹಿಸ್ಲಪ್ ತಡೀತಾನೇ ಇದ್ದಾರೆ. 0-0. ದೇಶಕ್ಕೆ ಆಡಿದ ಗೋಲಿಯೊಬ್ಬರು ಕಟ್ಟಿದ ಕಾಲೇಜು ತಂಡದಿಂದ ಬಂದ ಇನ್ನೊಬ್ಬ ಗೋಲಿ, ಅದೇ ದೇಶದ ಗೋಲುಕಂಬದ ಮಧ್ಯೆ. ನನ್ನ ಮಟ್ಟಿಗೆ ಹೊವಾರ್ಡ್ ತಂಡದ ಅತಿ ಎತ್ತರದ ದಿನಗಳಲ್ಲಿ ಅದೂ ಒಂದು.

ಆಸ್ಟಿನ್‌ಟೌನ್_ಲೆಫ್ಟ್‌ವಿಂಗ್:

ಆ ಪಂದ್ಯ ನಮ್ಮ ಏರಿಯಾದಲ್ಲಿ ಟಿವಿ ಅಂಗಡಿ ಮುಂದೆ ನಿಂತು ನೋಡಿದವರು ಈಗಲೂ ಇದ್ದಾರೆ. ಹೊವಾರ್ಡ್ ಹುಡುಗ ಅಂತ ಯಾರಿಗೂ ಗೊತ್ತಿರಲಿಲ್ಲ.

ಪೊಟೊಮ್ಯಾಕ್_ಕನ್ನಡತಿ:

ಇನ್ನೊಂದು ಕುಟುಂಬ ಇದೆ. ಘಾನಾ ದೇಶಕ್ಕೆ ಆಡಿದ್ದ ಜೋ ಗ್ಯಾವ್, ಫಿಲಿಪ್ಸ್ ಇದ್ದ ವಾಷಿಂಗ್ಟನ್ ಡಾರ್ಟ್ಸ್‌ನಲ್ಲಿ ಆಡಿದವರು. ಅವರ ಮಗ ಫಿಲಿಪ್ ಗ್ಯಾವ್ 1980ರ ದಶಕದಲ್ಲಿ ಹೊವಾರ್ಡ್‌ಗೆ ಆಡಿ, ಅಮೆರಿಕ ತಂಡಕ್ಕೂ ಆಡಿ, 2014ರಲ್ಲಿ ಹೊವಾರ್ಡ್‌ಗೇ ಕೋಚ್ ಆಗಿ ವಾಪಸ್ ಬಂದರು. ಫಿಲಿಪ್ ಅವರ ಮಗ, ಅವನ ಹೆಸರೂ ಜೋ, ಜರ್ಮನಿಯಲ್ಲಿ ಆಡಿ ಅಮೆರಿಕದ ಅಂಗಿ ತೊಟ್ಟ. ಮೂರು ತಲೆಮಾರು.

ಜಾರ್ಜಿಯಾ ಅವೆನ್ಯೂ ಕಡೆ ನಾನು ಹೋಗಿಬರ್ತಾ ಇರ್ತೀನಿ. ಗ್ರೀನ್ ಸ್ಟೇಡಿಯಂ ಕ್ಯಾಂಪಸ್ ನಡುವೆಯೇ ಇದೆ, ದೊಡ್ಡದೇನಲ್ಲ. ಪಂದ್ಯದ ದಿನ ಹೋದರೆ ಬಿಳಿ ಕೂದಲಿನ ಕೆರಿಬಿಯನ್ ಹಿರಿಯರು ಗುಂಪಾಗಿ ಕೂತು, ಒಂದೊಂದು ತಪ್ಪು ಪಾಸ್‌ಗೂ ಎದ್ದು ನಿಂತು ಕೈ ಬೀಸಿ ಹುಡುಗರಿಗೆ ಜಾಗ ತೋರಿಸ್ತಾರೆ. ಆಟ ಬಲ್ಲ ಕಣ್ಣುಗಳು ಅಂತ ಪಕ್ಕದಲ್ಲಿ ಕೂತರೆ ತಿಳಿಯುತ್ತೆ.

ಧಾರವಾಡ_ಮಂದಿ:

ಕಡೀಕ ಒಂದ ಪ್ರಶ್ನೆ. 1971ರ ಪಟ್ಟ ಈಗ ಯಾರ ಹೆಸರಿನ್ಯಾಗ ಐತ್ರಿ? ಸೇಂಟ್ ಲೂಯಿಸ್ ಮಂದಿಗೆ ಕೊಟ್ರೇನು?

ಕಾನೂನು_ಕಟ್ಟೆ:

ಇಲ್ಲ, ಅವರಿಗೂ ಕೊಡಲಿಲ್ಲ. ಎನ್‌ಸಿಎಎ ಪಟ್ಟಿಯಲ್ಲಿ ಆ ವರ್ಷದ ಪಟ್ಟ ತೆರವು ಅಂತಲೇ ಇದೆ. ಸೇಂಟ್ ಲೂಯಿಸ್ ಲೆಕ್ಕ ಹತ್ತರಲ್ಲೇ ನಿಂತಿತು, 1973ರ ಮೇಲೆ ಅವರು ಒಂದೂ ಗೆದ್ದಿಲ್ಲ. ಹೊವಾರ್ಡ್‌ಗೆ ಅಧಿಕೃತವಾಗಿ ಉಳಿದದ್ದು 1974.

ಗೋಲ್‌ಕಂಬದವರೇ, ಒಂದು ಮಾತು ಒಪ್ಪುತ್ತೇನೆ. ನ್ಯಾಯಾಲಯಕ್ಕೆ ಕೊಡೋಕೆ ಬಾರದ್ದನ್ನ ಎನ್‌ಸಿಎಎ ತಾನಾಗಿ ಕೊಡಬಹುದು, ಅದಕ್ಕೆ ಯಾವ ತೀರ್ಪೂ ಅಡ್ಡಿಯಿಲ್ಲ. ತನ್ನ ಮೂರು ನಿಯಮಗಳಲ್ಲಿ ಒಂದು ರದ್ದಾಗಿ, ಇನ್ನೊಂದನ್ನ ತಾನೇ ಕೈಬಿಟ್ಟ ಮೇಲೆ, ಕಡತವನ್ನ ಇನ್ನೊಮ್ಮೆ ತೆರೆದು ನೋಡೋದು ಸಂಸ್ಥೆಯ ಘನತೆಗೆ ತಕ್ಕ ಕೆಲಸ.

ಗೋಲ್‌ಕಂಬದ_ಪಕ್ಕ:

ಅಷ್ಟೇ ಸಾರ್ ನಾನು ಕೇಳ್ತಿರೋದು. ಐದು ವರ್ಷದ ನಿಯಮ ಮೀರಿದ ಆಟಗಾರನ ಹೆಸರಿನ ಮುಂದೆ ಬೇಕಾದರೆ ಗುರುತು ಹಾಕಲಿ, ಪಟ್ಟಿಯಲ್ಲಿ 1971ರ ಎದುರು ಹೊವಾರ್ಡ್ ಅಂತ ಬರೀಲಿ.

ಮುಂದಿನ ವಾರ ಅಲಬಾಮಾ ಎ ಆ್ಯಂಡ್ ಎಂ ಬಗ್ಗೆ ಹೊಸ ಎಳೆ ಶುರು ಮಾಡ್ತೇನೆ. ಅದೂ ಕರಿಯರ ಕಾಲೇಜೇ. ಸಲಾಹ್ ಯೂಸಿಫ್ ಕೋಚ್ ಆಗಿದ್ದಾಗ 1977, 1979ರಲ್ಲಿ ಎರಡನೇ ಡಿವಿಷನ್ ಗೆದ್ದು, 1981ರಲ್ಲಿ ಮೇಲಿನ ಡಿವಿಷನ್‌ನ ಫೈನಲ್ ತನಕ ಬಂದು ಕನೆಕ್ಟಿಕಟ್ ವಿರುದ್ಧ 2-1ರಿಂದ ಸೋತಿತು. ಕಾನೂನು ಕಟ್ಟೆಯವರು, ಆಸ್ಟಿನ್‌ಟೌನ್ ಅಣ್ಣ, ಎಲ್ಲರೂ ಅಲ್ಲಿಗೂ ಬನ್ನಿ.